ವಿಭೂತಿ ಬಿದ್ದ ಗಾಳದ ಕೋಲು

"ಬಿಡ್ರೀ ಅದನ್ನ! ನಾನು ಮೊದಲು ಕೈ ಹಾಕಿದ್ದು!"

ನಿಶ್ಚಿತಾ ಗದರಿದಳು ನಿಜ. ಆದರೆ ಕೋಲಿನ ಇನ್ನೊಂದು ತುದಿ ಹಿಡಿದಿದ್ದ ಎತ್ತರದ ಯುವಕ ಬಿಡಬೇಕಲ್ಲ!

ಎರಡು ಸಾವಿರದ ಎರಡನೇ ಇಸವಿ. ನಜರ್‌ಬಾದಿನಲ್ಲಿ ಶಾಮಣ್ಣನ ಸ್ಪೋರ್ಟ್ಸ್ ಸಾಮಾನಿನ ಅಂಗಡಿ. ಹಣೆಯ ವಿಭೂತಿ ಇನ್ನೂ ಮಾಸದ ಹುಡುಗಿ ಮೀನು ಹಿಡಿಯುವ ಕೋಲಿಗೆ ಜಗಳಕ್ಕೆ ನಿಂತಿದ್ದಾಳೆ... ಅವಳಪ್ಪ ವೃಷಭೇಂದ್ರಪ್ಪ ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂರುತ್ತಿದ್ದರು.

ಅವಳದೇನು ತಪ್ಪು ಬಿಡಿ. ಹೋದ ವರ್ಷ ಊಟಿಯ ಕಡೆ ಹೋದಾಗ, ತಣ್ಣನೆಯ ಹೊಳೆಯಲ್ಲಿ ಒಬ್ಬ ಮುದುಕ ಉದ್ದನೆಯ ದಾರ ಬೀಸಿ ಟ್ರೌಟ್ ಮೀನು ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಟ್ಟಿದ್ದ. ಆ ದಾರ ಗಾಳಿಯಲ್ಲಿ ಬಿಚ್ಚಿಕೊಂಡ ಬಗೆ ಇವಳ ಕಣ್ಣಿಂದ ಹೋಗಲೇ ಇಲ್ಲ.

"ಯಾಕಮ್ಮ ಜಗಳ? ಆ ಕಪ್ಪಗಿರೋದೂ ಟ್ರೌಟ್ ಕೋಲೇ ಕಣಮ್ಮ. ಪುಕ್ಕದಲ್ಲಿ ಮಾಡಿದ ಸುಳ್ಳು ಹುಳ ಕಟ್ಟಿ ಬೀಸೋದು" ಎಂದ ಶಾಮಣ್ಣ.

ಅವಳು ಕಪ್ಪು ಕೋಲಿನತ್ತ ಕೈ ಚಾಚಿದಳು.

"ಹೊಸದಾಗಿ ಕಲಿಯೋರಿಗೆ ಅದು ಬೇಡ ಕಣ್ರೀ" ಎಂದ ಯುವಕ. "ಸೆಟೆದುಕೊಂಡಿದೆ. ಇದನ್ನ ಅಲ್ಲಾಡಿಸಿ ನೋಡಿ, ನಡುವಿನ ತನಕ ಬಾಗುತ್ತೆ. ಬೀಸುವಾಗ ದಾರ ಹಿಂದಕ್ಕೆ ಚಾಚಿದ್ದು ಕೈಗೇ ಗೊತ್ತಾಗುತ್ತೆ."

"ತುಂಬ ಮೀನು ಹಿಡಿದಿದ್ದೀರೇನೋ?"

"ಒಂದೂ ಇಲ್ಲ! ಬರೀ ಓದಿದ್ದು. ಇದು... ನನಗಲ್ಲ, ಗೆಳೆಯನಿಗೆ."

ಅವನು ಬಗ್ಗಿದಾಗ ಕಾಲರಿನ ಒಳಗೆ ಶಿವದಾರ ಕಂಡಿತು. ಅಯ್ಯೋ ಶಿವನೇ... ಇವನೂ ನಮ್ಮವನೇ!

ಅವನ ಕಣ್ಣು ಅವಳ ವಿಭೂತಿಯ ಮೇಲಿತ್ತು.

"ನನಗೂ ಅಲ್ಲ!" ಎಂದಳು ಗಾಬರಿಯಲ್ಲಿ. "ನನ್ನ ಸ್ನೇಹಿತೆಯ ಅಣ್ಣನಿಗೆ!"

ಅವನು ನಕ್ಕು ಕೋಲು ಬಿಟ್ಟ. "ಹಾಗಾದ್ರೆ ನಿಮ್ಮ ಸ್ನೇಹಿತೆಯ ಅಣ್ಣನೇ ಮೊದಲು ಕಲೀಲಿ."

ಶಾಮಣ್ಣ ಕೋಲನ್ನು ಎರಡು ತುಂಡಾಗಿ ಕಳಚಿ, ಕಾವಿ ಬಣ್ಣದ ಬಟ್ಟೆ ಚೀಲಕ್ಕೆ ತುಂಬಿ, ರೀಲು ದಾರ ಬೇರೆ ಕಟ್ಟಿಕೊಟ್ಟ. ಆಟೋದಲ್ಲಿ ಕೂತ ಮೇಲೆ ನಿಶ್ಚಿತಾ ನಾಲಗೆ ಕಚ್ಚಿಕೊಂಡಳು. ಛೆ, ಹೆಸರೂ ಕೇಳಲಿಲ್ಲ! ಸಂಜೆ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ತನ್ನನ್ನು ಕೇಳದೆ ಕರೆಸಿದ ಸಿಟ್ಟಿಗೆ ಅವಳು ಗಂಡಿನ ಫೋಟೋ ಕೂಡ ನೋಡಿರಲಿಲ್ಲ.

ಕೋಲನ್ನು ಪೂಜೆ ಕೋಣೆಯ ಬಾಗಿಲ ಹಿಂದೆ ಬಚ್ಚಿಟ್ಟಳು. ಅಲ್ಲಿ ಯಾರು ತಡಕುತ್ತಾರೆ!

ಸಂಜೆ ಕಾಫಿ ತಟ್ಟೆ ಹಿಡಿದು ಹೊರಬಂದವಳು ಹೌಹಾರಿದಳು. ಸೋಫಾದ ಮೇಲೆ ಅವನೇ! ಲೋಟಗಳು ಗಡಗಡ ಅಂದವು. ಅವನೂ ಹುಡುಗಿಯ ಫೋಟೋ ನೋಡಿರಲಿಲ್ಲವೇನೋ, ಕೂತಲ್ಲಿಂದ ಅರ್ಧ ಎದ್ದೇಬಿಟ್ಟ.

"ಏನಾಯ್ತೋ ಗುರುಕಿರಣ್?" ಎಂದರು ಅವನ ತಾಯಿ ಮಂಜುಳಮ್ಮ.

"ಏನಿಲ್ಲಮ್ಮ... ಕಾಫಿ ಬಿಸಿ."

"ಇನ್ನೂ ಕುಡಿದೇ ಇಲ್ವಲ್ಲೋ!"

ಅಷ್ಟರಲ್ಲಿ ವೃಷಭೇಂದ್ರಪ್ಪ ಪೂಜೆ ಕೋಣೆಯಿಂದ ಬಂದರು. ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದಿದ್ದು... ಆ ಕಾವಿ ಚೀಲ!

"ಮಠದಿಂದ ಆಶೀರ್ವಾದದ ಬೆತ್ತ ಕಳಿಸ್ತೀವಿ ಅಂದಿದ್ರು. ಯಾವ ಮಾಯದಲ್ಲಿ ತಂದಿಟ್ರೋ! ಸ್ವಾಮಿಗಳದು, ಬಿಚ್ಚಬಾರದು ಅಂತ ಹಿಡಿಗೇ ಪೂಜೆ ಮಾಡ್ದೆ."

ಚೀಲದಿಂದ ಇಣುಕಿದ್ದ ಹಿಡಿಯ ಮೇಲೆ ಮೂರೆಳೆ ವಿಭೂತಿ, ಒಂದು ಸೇವಂತಿಗೆ ಹೂವು.

ಮಂಜುಳಮ್ಮ ಅದನ್ನು ಕಣ್ಣಿಗೊತ್ತಿಕೊಂಡರು. ನಿಶ್ಚಿತಾ ತಟ್ಟೆ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಹೇಳಿದರೆ ಈ ಸಂಬಂಧ ಇಲ್ಲಿಗೇ ಮುಗಿಯಿತು. ಹೇಳದಿದ್ದರೆ ಅಪ್ಪ ಗಾಳದ ಕೋಲಿಗೆ ಅಡ್ಡಬೀಳುತ್ತಾರೆ... ಅಪ್ಪ ಆಗಲೇ ಬಗ್ಗುತ್ತಿದ್ದರು!

"ಬೇಡಿ ಸಾರ್!" ಗುರುಕಿರಣ್ ಎದ್ದು ನಿಂತ. "ಅದು ಬೆತ್ತ ಅಲ್ಲ. ಮೀನು ಹಿಡಿಯೋ ಕೋಲು!"

ಹೇಳೇಬಿಟ್ಟನಲ್ಲಾ, ದ್ರೋಹಿ! ಅವಳ ಕಣ್ಣು ತುಂಬಿತು.

"ನಂದು" ಎಂದ ಅವನು. "ನಾನೇ ತಂದಿಟ್ಟೆ."

ಅವಳು ಬೆಚ್ಚಿ ನೋಡಿದಳು. ನನಗೋಸ್ಕರ... ಇವನು?

"ಸುಳ್ಳು ಅಪ್ಪಾಜಿ! ಇವರು ಬಂದು ಇನ್ನೂ ಕಾಫಿನೂ ಕುಡಿದಿಲ್ಲ. ಅದು ನಂದು!"

"ಇವರೊಬ್ಬರದೇ ತಪ್ಪಲ್ಲ ಸಾರ್. ಬೆಳಗ್ಗೆ ಅಂಗಡೀಲಿ ಅದಕ್ಕೆ ನಾನೂ ಕಿತ್ತಾಡಿದೀನಿ!"

"ಮೀನು... ತಿಂತೀರಾ?" ಎಂದರು ಮಂಜುಳಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

"ಇಲ್ಲಮ್ಮ! ಹಿಡಿದು ಬಿಟ್ಬುಡೋದು" ಎಂದ ಗುರುಕಿರಣ್.

"ತಿನ್ನೋಕಲ್ಲ ಅಂದ್ಮೇಲೆ ಅದರ ಬಾಯಿಗೆ ಯಾಕ್ರೋ ಚುಚ್ತೀರಾ?"

ಇಬ್ಬರೂ ತಲೆ ತಗ್ಗಿಸಿದರು.

"ವಿಭೂತಿ ಒರೆಸಿಬಿಡ್ಲಾ ಅಪ್ಪಾಜಿ?"

"ಮುಟ್ಟಬೇಡ!" ವೃಷಭೇಂದ್ರಪ್ಪನವರ ಮುಖ ಕೆಂಪಾಗಿತ್ತು. "ಕೈಯಾರೆ ಹಚ್ಚಿದ್ದೀನಿ. ಇನ್ನು ಇದೂ ನಮ್ಮನೇದೇ. ಇದರಿಂದ ಒಂದು ಜೀವಕ್ಕೂ ನೋವಾಗಬಾರದು. ಕೊಕ್ಕೆ ಇಲ್ದೆ ಎಷ್ಟು ಬೇಕಾದ್ರೂ ಬೀಸ್ಕೋ ಹೋಗು!"

ಆಮೇಲೆ ಸಂಕೋಚದಿಂದ ಮಂಜುಳಮ್ಮನ ಕಡೆ ತಿರುಗಿದರು. "ನೀವು ಬೇಡ ಅಂದ್ರೂ ತಪ್ಪು ತಿಳ್ಕೊಳಲ್ಲ ತಾಯಿ."

"ಇಬ್ಬರದೂ ಒಂದೇ ಹುಚ್ಚು ಕಣ್ರೀ" ಎಂದರು ಆಕೆ ನಿಟ್ಟುಸಿರಿಟ್ಟು. "ಬೇರೆಯವರ ಮನೆಗೆ ಕಳಿಸಿ ಅವರನ್ನ್ಯಾಕೆ ಕೆಡಿಸೋದು! ಇವರಿಬ್ರಿಗೇ ಮಾಡಿಬಿಡೋಣ."

ತಾರಸಿಯ ಮೇಲೆ ದಾರದ ತುದಿಗೆ ಕೊಕ್ಕೆಯ ಬದಲು ಹಳೇ ಸ್ವೆಟರಿನ ಕೆಂಪು ಉಣ್ಣೆ ಕಟ್ಟಿದಳು ನಿಶ್ಚಿತಾ.

"ಬೈಕೊಂಡ್ರಾ ನನ್ನ?" ಎಂದ ಗುರುಕಿರಣ್.

"ದ್ರೋಹಿ ಅಂದೆ... ಮನಸ್ಸಲ್ಲೇ. ಯಾಕ್ರೀ ಮೈಮೇಲೆ ಹಾಕ್ಕೊಂಡ್ರಿ?"

"ಬೆಳಗ್ಗೆ ಕೋಲು ಬಿಟ್ಟುಕೊಟ್ಟೆ. ನಿಮ್ಮನ್ನ ಬಿಟ್ಟುಕೊಡೋಕೆ ಆಗ್ಲಿಲ್ಲ ಕಣ್ರೀ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ವಿಭೂತಿ ಅಳಿಯದ ಹಾಗೆ ಹಿಡಿದು ಕೋಲನ್ನು ಅವನತ್ತ ಚಾಚಿದಳು.

"ನಾನಾ? ನಿಮ್ಮ ಸ್ನೇಹಿತೆಯ ಅಣ್ಣ ಬರಲ್ವಾ?"

"ಬರಲ್ಲ. ನಿಮ್ಮ ಗೆಳೆಯನ್ನೂ ಕರೀಬೇಡಿ... ನಾವಿಬ್ರೇ ಸಾಕು."