ಇಳಿಯದ ಒಂಬತ್ತು ಕಿಲೋ

ಠಾಣೆಗೆ ಬರುವವರೆಲ್ಲ ಏನೋ ಕಳೆದುಹೋಯಿತೆಂದು ಬರುತ್ತಾರೆ. ಕಳೆಯಬೇಕಾದದ್ದು ಕಳೆಯಲಿಲ್ಲ ಎಂದು ದೂರು ಹೊತ್ತು ಬಂದದ್ದು ಆ ಹೆಂಗಸೇ ಮೊದಲು. ಏಳನೇ ತಾರೀಖು, ಮಂಗಳವಾರ, ಬೆಳಗ್ಗೆ ಹತ್ತು ನಲವತ್ತು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಇನ್ಸ್‌ಪೆಕ್ಟರರ ಮೇಜಿನ ಮೇಲೆ ಎರಡು ಕಿಲೋದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಟ್ಟಳು. ಪ್ರೋಟೀನ್ ಪುಡಿ, ವೆನಿಲಾ, ತೂಕ ಇಳಿಸುವವರಿಗೆ.

"ಎಷ್ಟು ಕಿಲೋ ಇದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಎಂಬತ್ತೊಂದು."

"ಎಷ್ಟು ದಿನದಿಂದ ಕುಡಿತಿದೀರಾ?"

"ಎರಡು ತಿಂಗಳು. ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಮಧ್ಯಾಹ್ನ ಬೇಯಿಸಿದ ತರಕಾರಿ ಅಷ್ಟೇ."

"ಈಗ?"

"ಎಂಬತ್ತನಾಲ್ಕು."

ಪಕ್ಕದಲ್ಲಿ ನಿಂತಿದ್ದ ದಫೇದಾರ ನಕ್ಕುಬಿಟ್ಟ. ಅವನ ಬೆಲ್ಟಿಗೆ ಆ ವರ್ಷವೇ ಎರಡು ಸಲ ಹೊಸ ತೂತು ಹೊಡೆಸಿದ್ದರಿಂದ ಈ ವಿಷಯದಲ್ಲಿ ತನಗೆ ಅಧಿಕಾರವಿದೆ ಎಂದು ಅವನು ತಿಳಿದಿದ್ದ. "ಅಮ್ಮಾ, ನಮ್ಮನೇಲೂ ಇದೇ ಕೇಸು. ಗಾಳಿ ಕುಡಿದ್ರೂ ಊದ್ಕೋತೀನಿ ಅಂತಾಳೆ. ಯಾರ ಮೇಲೆ ಎಫ್‌ಐಆರ್ ಹಾಕೋದು, ಗಾಳಿ ಮೇಲಾ?"

ಅವಳು ನಗಲಿಲ್ಲ. "ನನ್ನ ತಮ್ಮನಿಗೆ ಎರಡೂ ಕಿಡ್ನಿ ಹೋಗಿದೆ ಸರ್. ನನ್ನದು ಹೊಂದುತ್ತೆ. ಎಪ್ಪತ್ತೆರಡಕ್ಕೆ ಇಳಿದ್ರೆ ಮಾತ್ರ ತೆಗಿತೀವಿ, ಇಲ್ಲಾಂದ್ರೆ ನಿಮ್ಮ ಜೀವಕ್ಕೇ ಅಪಾಯ ಅಂತಾರೆ ಡಾಕ್ಟರು. ಈ ತಿಂಗಳ ಮೂವತ್ತಕ್ಕೆ ತೂಕ ನೋಡ್ತಾರೆ. ಅವನ ಹೃದಯ ಸೋಲ್ತಾ ಇದೆ. ಮೂವತ್ತು ದಾಟಿದ್ರೆ ಅವನ ಮೈ ಆಪರೇಷನ್ ತಡೆಯಲ್ವಂತೆ. ಆಮೇಲೆ ನಾನು ಕಡ್ಡಿ ಆಗಿ ಏನು ಪ್ರಯೋಜನ?"

ದಫೇದಾರ ಬೆಲ್ಟು ಸರಿಮಾಡಿಕೊಂಡು ಹೋಗಿ ಅವಳಿಗೊಂದು ಕುರ್ಚಿ ತಂದ.

ಎರಡನೇ ಡಬ್ಬಿಯಿಂದ ಪುಡಿ ಸಿಹಿಯಾಗಿದೆ, ಗಟ್ಟಿಯಾಗಿದೆ ಎಂದು ಅವಳು ಹೇಳಿದಳು. ಅಂಗಡಿಯವನು ಕಲಬೆರಕೆ ಮಾಡಿದ್ದಾನೆಂಬುದು ಅವಳ ಅನುಮಾನ. ಹನ್ನೊಂದು ಇಪ್ಪತ್ತಕ್ಕೆ ಕಲಬೆರಕೆ ಮತ್ತು ವಂಚನೆಯೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಒಂದೂಕಾಲಿಗೆ ಅವಳ ಮನೆಯಲ್ಲಿ ಪಂಚನಾಮೆ. ಎರಡು ಕೋಣೆ, ಒಂದು ಹೊಲಿಗೆ ಯಂತ್ರ, ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಒಂದೇ ಲೋಟ. ಬಾಗಿಲ ಹಿಂದೆ ತೂಕದ ಯಂತ್ರ. ಅದರ ಮೇಲಿನ ಗೋಡೆಯಲ್ಲಿ ದಿನದಿನದ ತೂಕವನ್ನು ದರ್ಜಿಯ ಚಾಕ್‌ಪೀಸಿನಲ್ಲಿ ಬರೆದಿಟ್ಟಿದ್ದಳು. ಮೊದಲ ಹತ್ತು ದಿನ ಸಂಖ್ಯೆಗಳು ಇಳಿದು, ಆಮೇಲೆ ಒಂದೊಂದಾಗಿ ಮೇಲೇರಿದ್ದವು. ಎರಡು ಕಡೆ ಅಳಿಸಿ ಮತ್ತೆ ಬರೆದ ಗುರುತು. ಯಂತ್ರ ಸುಳ್ಳು ಹೇಳುತ್ತಿದೆಯೆಂದು ಇನ್ನೊಮ್ಮೆ ಹತ್ತಿ ನೋಡಿದ್ದಳಂತೆ.

ಅವಳ ತಮ್ಮ ಕಿಟಕಿಯ ಪಕ್ಕ ಕೂತಿದ್ದ. ಮೂವತ್ತನಾಲ್ಕು ವರ್ಷ, ಕಂಡರೆ ಐವತ್ತು. ಕೈ ನಡುಗುವ ತನಕ ಗಡಿಯಾರ ರಿಪೇರಿ ಮಾಡುತ್ತಿದ್ದವನು. ತುಂಬುತೋಳಿನ ಅಂಗಿ ಹಾಕಿಕೊಂಡು, ಎಡಗೈಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದ.

"ಡಬ್ಬಿ ಒಡೆದೋರು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ ಸರ್."

"ಸೀಲು ಸರಿಯಿತ್ತಾ?"

"ಇತ್ತು."

"ದಿನಾ ಕಲಸಿ ಕೊಡೋದು?"

"ನಾನೇ. ಅಕ್ಕನಿಗೆ ಬೆಳಗ್ಗೆ ಹೊತ್ತಾಗುತ್ತೆ. ನನ್ನ ಕೈಲಾಗೋ ಕೆಲಸ ಅದೊಂದೇ."

ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕುವ ಇಬ್ಬರು ಪಂಚರು ಮನೆಯವರಾಗಬಾರದು. ಆದರೆ ಆ ಹೊತ್ತಿನಲ್ಲಿ ಬೀದಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಎದುರು ಮನೆಯ ಮುದುಕ ಒಬ್ಬನೇ ಸಿಕ್ಕ, ಅವನೂ ಕನ್ನಡಕ ಹುಡುಕಲು ಕಾಲು ಗಂಟೆ ತೆಗೆದುಕೊಂಡ. "ಇನ್ನೊಂದು ಸಹಿ ಇವರದ್ದೇ ಹಾಕಿಸಿಬಿಡೋಣ ಸರ್, ಡಬ್ಬಿ ಏನು ಓಡಿಹೋಗುತ್ತಾ?" ಎಂದ ದಫೇದಾರ. ಇನ್ಸ್‌ಪೆಕ್ಟರ್ ಹೂಂ ಎಂದರು. ಕಾನೂನು ಕೈತಪ್ಪುವುದು ಸಾಮಾನ್ಯವಾಗಿ ಊಟದ ಹೊತ್ತಿನಲ್ಲೇ. ಅವಳ ತಮ್ಮ ಬಲಗೈಯಲ್ಲಿ ಸಹಿ ಹಾಕಿದ. ಡಬ್ಬಿಗೆ ಅರಗಿನ ಮುದ್ರೆ ಬಿತ್ತು.

ನಾಲ್ಕೂವರೆಗೆ ಅಂಗಡಿ. ಅದರ ಮಾಲೀಕ ಹಿಂದೆ ಪ್ರದರ್ಶನಗಳಲ್ಲಿ ಮೈಕಟ್ಟು ತೋರಿಸುತ್ತಿದ್ದವನು. ಬೀದಿಯವರಿಗೆಲ್ಲ ಅವನು ಪೈಲ್ವಾನ. ತೋಳು ಒಂದೊಂದೂ ತೊಡೆಯಷ್ಟಿದ್ದರೂ ಬಾಗಿಲಿಗೆ ಸೀಲು ಬಿದ್ದಾಗ ಬಿಕ್ಕಿಬಿಕ್ಕಿ ಅತ್ತ.

"ನಾನು ಬೆರೆಸಿಲ್ಲ ಸ್ವಾಮಿ. ಸೀಲು ಒಡೆಯದೆ ಹೆಂಗೆ ಬೆರೆಸಲಿ?"

"ಸೀಲು ಸರಿಯಿತ್ತು ಅಂತ ಅವರ ತಮ್ಮನೇ ಹೇಳ್ತಿದಾರೆ."

"ಹಂಗಾದ್ರೆ ನಾನಿನ್ನೂ ನಿರಪರಾಧಿ ಅಲ್ವಾ?"

"ಹಂಗಾದ್ರೆ ಡಬ್ಬಿ ತುಂಬಿದ್ದೇ ನೀನು," ಎಂದ ದಫೇದಾರ. ಆರು ಗಂಟೆಗೆ ಬಂಧನ. ಮರುದಿನ ನ್ಯಾಯಾಲಯ, ಅಲ್ಲಿಂದ ಜೈಲು. ಅಂಗಡಿಯಲ್ಲಿದ್ದ ಅದೇ ಬ್ಯಾಚಿನ ಮೂರು ಡಬ್ಬಿಗಳನ್ನೂ ಮನೆಯ ಡಬ್ಬಿಯನ್ನೂ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಹತ್ತನೇ ತಾರೀಖಿನೊಳಗೆ ಯಾರೋ ಕಲ್ಲು ಹೊಡೆದು ಅಂಗಡಿಯ ಬೋರ್ಡು ಒಡೆದರು. ಆ ಬಗ್ಗೆ ಯಾರೂ ದೂರು ಕೊಡಲಿಲ್ಲ.

ಪ್ರಯೋಗಾಲಯದಲ್ಲಿ ದಫೇದಾರನ ಷಡ್ಡಕನಿದ್ದ. ಆದ್ದರಿಂದ ಆರು ತಿಂಗಳಿಗೆ ಬರುವ ವರದಿ ಆರು ದಿನಕ್ಕೆ, ಹದಿಮೂರನೇ ತಾರೀಖು ಸಂಜೆ ನಾಲ್ಕಕ್ಕೆ ಬಂತು. ಅಂಗಡಿಯ ಮೂರು ಡಬ್ಬಿಗಳಲ್ಲಿ ದೋಷವಿಲ್ಲ. ಮನೆಯ ಡಬ್ಬಿಯಲ್ಲಿರುವುದು ಕಲಬೆರಕೆಯೂ ಅಲ್ಲ. ಅದು ಬೇರೆಯೇ ಪುಡಿ. ಮೂರು ಪಾಲು ಸಕ್ಕರೆ ಮತ್ತು ಹಿಟ್ಟು, ಒಂದು ಪಾಲು ಪ್ರೋಟೀನ್. ಸಣಕಲರು ದಪ್ಪವಾಗಲು ಕುಡಿಯುವಂಥದ್ದು.

ಹದಿನಾಲ್ಕರ ಬೆಳಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಜೈಲಿಗೆ ಹೋದರು. ಪೈಲ್ವಾನ ಒಂದೇ ವಾರಕ್ಕೆ ಇಳಿದುಹೋಗಿದ್ದ.

"ದಪ್ಪ ಆಗೋ ಪುಡಿ ನೀನು ಮಾರ್ತೀಯಾ?"

"ಮಾರ್ತೀನಿ. ಹೆಚ್ಚು ಹೋಗಲ್ಲ ಸ್ವಾಮಿ. ಈ ಕಾಲದಲ್ಲಿ ದಪ್ಪ ಆಗ್ಬೇಕು ಅನ್ನೋರು ಎಲ್ಲಿದಾರೆ?"

"ಎರಡು ತಿಂಗಳಲ್ಲಿ ಯಾರು ತಗೊಂಡ್ರು?"

"ಒಬ್ರೇ. ಮೂರು ಸಲ ಬಂದ್ರು. ಒಣಗಿದ ಮನುಷ್ಯ. ಇಳಿಸೋ ಪುಡಿ, ಏರಿಸೋ ಪುಡಿ ಎರಡನ್ನೂ ಪಕ್ಕಪಕ್ಕ ಇಡಿಸಿ ಬಣ್ಣ ನೋಡಿದ್ರು. ಪಾಪ, ಮೈ ಹತ್ತಲಿ ಅಂತ ನಾನೇ ದಿನಕ್ಕೆ ಎಷ್ಟು ಚಮಚ ಅಂತ ಬರೆದುಕೊಟ್ಟೆ."

"ಗುರುತು ಏನಾದ್ರೂ?"

"ಎಡಗೈ ಮೇಲೆ ನರ ಹಗ್ಗದ ಥರ ಉಬ್ಬಿತ್ತು. ಡಬ್ಬಿ ಎತ್ತಿಕೊಡೋಕೆ ಹೋದೆ. ಆ ಕೈಗೆ ಭಾರ ಹಾಕಬಾರದು ಅಂತ ಬಲಗೈ ಚಾಚಿದ್ರು."

ಡಯಾಲಿಸಿಸ್‌ಗಾಗಿ ಕೈಯ ನರವನ್ನು ಹಾಗೆ ಜೋಡಿಸಿ ಉಬ್ಬಿಸುತ್ತಾರೆ ಎಂಬುದು ಇನ್ಸ್‌ಪೆಕ್ಟರರಿಗೆ ತಿಳಿದಿತ್ತು. ಜೀಪಿನಲ್ಲಿ ಕೂತು ಪಂಚನಾಮೆಯನ್ನು ತೆಗೆದು ಎರಡನೇ ಸಹಿಯನ್ನು ನೋಡಿದರು.

"ಬೇಲಿನೇ ಎದ್ದು ಹೊಲ ಮೇಯ್ದಿದೆ ಸರ್," ಎಂದ ದಫೇದಾರ. ಆಮೇಲೆ, "ಆ ಸಹಿ ಹಾಕಿಸಿದ್ದು ನಾನೇ ಅಂತ ಬರೀಬೇಕಾ?"

"ನಾನು ಹೂಂ ಅಂದೆ ಅಂತಲೂ ಬರಿ."

ಸಂಜೆ ಐದಕ್ಕೆ ಅವರು ಆ ಮನೆಗೆ ಹೋದಾಗ ಅಕ್ಕ ಇನ್ನೂ ಕೆಲಸದಿಂದ ಬಂದಿರಲಿಲ್ಲ. ತಮ್ಮ ತಾನಾಗಿಯೇ ಹೋಗಿ, ತನ್ನ ಮಂಚದ ಕೆಳಗಿನ ಟ್ರಂಕಿನಿಂದ ಡಬ್ಬಿಗಳನ್ನು ತೆಗೆದು ತಂದಿಟ್ಟ. ಏರಿಸುವ ಪುಡಿಯವು ಖಾಲಿ. ಇಳಿಸುವ ಪುಡಿ ಚೀಲವೊಂದರಲ್ಲಿ ಹಾಗೆಯೇ ಇತ್ತು. ಚೆಲ್ಲಲು ಮನಸ್ಸು ಬಂದಿರಲಿಲ್ಲವಂತೆ, ಅಕ್ಕ ದುಡಿದು ತಂದದ್ದು.

"ಆಪರೇಷನ್ ಬೇಡ ಅಂತ ಹೇಳಬಹುದಿತ್ತಲ್ಲ?"

"ಹೇಳಿದ್ದೆ ಸರ್. ನಮ್ಮಪ್ಪನಿಗೂ ಇದೇ ಕಾಯಿಲೆ. ನನಗೂ ಬಂತು. ಅವಳದ್ದು ಸರಿಯಿದೆ ಅಂತಾರೆ. ನನ್ನದೂ ಮೊನ್ನೆಮೊನ್ನೆ ತನಕ ಸರಿಯಿತ್ತು. ನಾಳೆ ಅವಳಿಗೇ ಬಂದ್ರೆ, ಒಂದನ್ನ ನನಗೆ ಕೊಟ್ಟು ಕೂತಿರ್ತಾಳೆ. ಇದನ್ನೆಲ್ಲ ಹೇಳಿದೆ. ಕೇಳಲಿಲ್ಲ."

"ಆಸ್ಪತ್ರೇಲಿ ಹೇಳಬೇಕಿತ್ತು. ನೀವು ಒಪ್ಪದೆ ಯಾರೂ ಮಾಡಲ್ಲ."

ಅವನು ಅಂಗಿಯ ತೋಳಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. "ಅಕ್ಕನಿಗೇ ಮೂರು ಸಲ ಬೇಡ ಅಂದೆ ಸರ್. ಮೂರನೇ ಸಲ ದನಿಯೇ ಏಳಲಿಲ್ಲ. ಇನ್ನೊಂದು ಸಲ ಕೇಳಿದ್ರೆ ಹೂಂ ಅಂದುಬಿಡ್ತೀನಿ ಅಂತ ಗೊತ್ತಾಯ್ತು. ಅವಳ ತೂಕ ಇಳಿಯದಿದ್ರೆ ಯಾರೂ ನನ್ನ ಕೇಳೋದೇ ಇಲ್ವಲ್ಲ."

"ಆ ಅಂಗಡಿಯವನು ಏನು ಮಾಡಿದ್ದ?"

"ಏನೂ ಇಲ್ಲ. ಮೂವತ್ತು ದಾಟಲಿ, ಬಂದು ಹೇಳೋಣ ಅಂತಿದ್ದೆ."

ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಅವಳು ಡಬ್ಬಿಗಳನ್ನು ನೋಡಿದಳು.

"ಏನೋ, ಎರಡು ತಿಂಗಳು ನಾನು ಉಪವಾಸ ಕೂತಿದ್ನಲ್ಲೋ."

"ಹಸಿವೇ ಆಗ್ತಿಲ್ಲ ಅಂತಿದ್ಯಲ್ಲಕ್ಕ."

"ನಿನಗೋಸ್ಕರ ಅನ್ನೋದಕ್ಕೇ ಹಸಿವು ಆಗ್ತಿಲ್ಲ ಅಂದ್ಕೊಂಡಿದ್ದೆ ಕಣೋ, ಕೋತಿ." ಅವಳು ಇನ್ಸ್‌ಪೆಕ್ಟರರ ಕಡೆ ತಿರುಗಿದಳು. "ದೂರು ವಾಪಸ್ ತಗೋತೀನಿ ಸರ್. ಇದು ಮನೆ ವಿಷಯ."

"ಈಗ ಅದು ನಿಮ್ಮ ದೂರಲ್ಲ ಅಮ್ಮ. ಇವರು ನಿಜ ಮುಚ್ಚಿಟ್ಟು ಸಹಿ ಹಾಕಿದಾರೆ. ಅದರಿಂದ ಒಬ್ಬ ಏಳು ದಿನದಿಂದ ಒಳಗಿದಾನೆ. ಅವನಿಗೂ ಮನೆಯಿದೆ."

"ನಾಳೆ ಬೆಳಗ್ಗೆ ಇವನಿಗೆ ಡಯಾಲಿಸಿಸ್ ಇದೆ."

"ನಾವೇ ಕರ್ಕೊಂಡು ಹೋಗ್ತೀವಿ."

"ಕೋಳ ಹಾಕ್ತೀರಾ?"

"ಆ ಕೈಗೆ ಹಾಕೋಕಾಗಲ್ಲ," ಎಂದ ದಫೇದಾರ, ನೆಲ ನೋಡಿಕೊಂಡು. "ಯಾವ ಕೈಗೂ ಹಾಕಲ್ಲ ಬಿಡಿ."

ಐದು ಐವತ್ತಕ್ಕೆ ಬಂಧನ. ಬಂಧನದ ವಿಷಯವನ್ನು ಯಾವ ಸಂಬಂಧಿಗೆ ತಿಳಿಸಲಾಗಿದೆ ಎಂಬ ಕಾಲಮ್ಮಿನಲ್ಲಿ ಬರೆಯಲು ಅವನಿಗೆ ಇದ್ದವಳು ಒಬ್ಬಳೇ. ದೂರುದಾರಳ ಕಾಲಮ್ಮಿನಲ್ಲೂ ಅದೇ ಹೆಸರು. ಕೇಸ್ ಡೈರಿಯಲ್ಲಿ ಅಪರಾಧಕ್ಕೆ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಬಹಳ ಹೊತ್ತು ಏನೂ ಬರೆಯಲಿಲ್ಲ. ದ್ವೇಷ, ಲೋಭ, ಪೂರ್ವವೈಷಮ್ಯ ಯಾವುದೂ ಹೊಂದಲಿಲ್ಲ. ಕೊನೆಗೆ, "ಆರೋಪಿಗೆ ಬದುಕುವ ಆಸೆ ಇದ್ದುದರಿಂದ" ಎಂದು ಬರೆದರು. ಮೇಲಧಿಕಾರಿಗಳು ಅದನ್ನು ಕೈತಪ್ಪೆಂದು ತಿಳಿದು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಕ್ಕೆ ಕಳಿಸಿದರು. ಇನ್ಸ್‌ಪೆಕ್ಟರ್ ತಿದ್ದಲಿಲ್ಲ.

ಹದಿನಾರರಂದು ಪೈಲ್ವಾನನ ಬಿಡುಗಡೆಯಾಯಿತು. ಬೆಳಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ತಾವೇ ಹೋಗಿ ಅಂಗಡಿಯ ಸೀಲು ತೆಗೆಸಿದರು. ಪೈಲ್ವಾನ ಒಳಗಿನ ಧೂಳು ಹೊಡೆಯುವ ಮೊದಲೇ ಗಿರಾಕಿಯೊಬ್ಬಳು ಬಂದು ನಿಂತಳು. ಕುತ್ತಿಗೆಯಲ್ಲಿ ಅಳತೆಯ ಟೇಪು.

"ನನ್ನಿಂದ ತಪ್ಪಾಯ್ತು ಅಣ್ಣ," ಎಂದಳು.

ಪೈಲ್ವಾನ ಧೂಳು ಹೊಡೆಯುವ ಬಟ್ಟೆಯನ್ನು ಕೆಳಗಿಟ್ಟ.

"ಇಳಿಸೋ ಪುಡಿ ಒಂದು ಡಬ್ಬಿ ಕೊಡಿ."

ಅವನು ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ಬೀದಿಯ ಕಡೆ ನೋಡುತ್ತಿದ್ದರು.

"ಎಷ್ಟು ದಿನ ಇದೆ ತಂಗಿ?" ಎಂದು ಕೇಳಿದ.

"ಹದಿನಾಲ್ಕು."

"ಎಷ್ಟು ಇಳೀಬೇಕು?"

"ಹನ್ನೆರಡು ಕಿಲೋ."

ಪೈಲ್ವಾನ ಡಬ್ಬಿಯನ್ನು ಕೆಳಗಿಳಿಸಿದ, ಆದರೆ ಕೈಬಿಡಲಿಲ್ಲ. "ಇದಿರಲಿ, ಬರೀ ನೀರು ಕುಡಿದ್ರೂ ಆಗಲ್ಲಮ್ಮ. ವ್ಯಾಪಾರಿ ನಾನು, ಆದ್ರೂ ಹೇಳ್ತಿದೀನಿ. ಆಗಲ್ಲ."

"ಗೊತ್ತು," ಎಂದಳು ಅವಳು. "ಕೊಡಿ."