ಹೆಬ್ಬೆರಳಿನ ಪಕ್ಷಪಾತ

ಅವರಿಬ್ಬರ ಪರಿಚಯ ಶುರುವಾದದ್ದೇ ಒಂದು ಅಪಘಾತದಿಂದ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವಳು ಇಟ್ಟಿದ್ದ ಚೀಲದ ಮೇಲೆ ಅವನು ನೋಡದೆ ಕೂತುಬಿಟ್ಟ. ಒಳಗಿದ್ದ ಊಟದ ಡಬ್ಬಿ ‘ಕಟ್’ ಎಂದಿತು. ಅವನು ಸಾರಿ ಕೇಳಿದ. ಅವಳು ಪರವಾಗಿಲ್ಲ ಎಂದಳು, ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು.

ಮರುದಿನ ಅವನು ಹೊಸ ಡಬ್ಬಿ ತಂದುಕೊಟ್ಟ. ಹಳೆಯದರ ಎರಡರಷ್ಟು ದೊಡ್ಡದು.

“ಇದರ ತುಂಬ ತಿಂದ್ರೆ ನಾನು ಬಸ್ ಹತ್ತೋದು ಹೇಗೆ?” ಎಂದಳು.

“ಅರ್ಧ ನನಗೆ ಕೊಡಿ.”

ಹೇಳಿ ಅವನು ರಸ್ತೆ ಕಡೆ ತಿರುಗಿದ. ಕಿವಿ ಕೆಂಪಗಾಗಿದ್ದು ಅವಳಿಗೆ ಕಾಣಿಸಿತು. ಅವಳೂ ಇಲ್ಲದ ಬಸ್ಸನ್ನು ಹುಡುಕುವವಳ ಹಾಗೆ ಆಚೆ ಕಡೆ ನೋಡಿ ನಕ್ಕಳು.

ಆಮೇಲೆ ದಿನಾ ಸಂಜೆ ಬಸ್ಸು ಬರುವವರೆಗೆ ಹರಟೆ. ಅವಳ ಅತ್ತಿಗೆಯ ಚಾಡಿ, ಅವನಿಗೆ ಕೆಲಸ ಕಲಿಸಿದ ಸೋದರಮಾವನ ಬೈಗುಳ, ಎಲ್ಲವೂ ಬಂದವು. ಒಂದು ಮಾತ್ರ ಬರಲಿಲ್ಲ. ಏನು ಕೆಲಸ ಎಂದು ಅವನು ಕೇಳಿದಾಗ ಅವಳು ಹೇಳುವ ಹಾಗಿಲ್ಲ ಎಂದಳು. ಅವನೂ ತಾನೂ ಹೇಳುವ ಹಾಗಿಲ್ಲ ಎಂದ. ಅವಳು ಅವನ ದಪ್ಪ ಬೆರಳುಗಳನ್ನೂ ಮೋಟಾಗಿ ಕತ್ತರಿಸಿದ ಉಗುರುಗಳನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ, ಬೀಗ ಒಡೆಯುವವನಿರಬೇಕು ಎಂದು ತೀರ್ಪು ಕೊಟ್ಟಳು. ಅವನು ಅವಳನ್ನು ಗುಪ್ತ ಪೊಲೀಸ್ ಮಾಡಿದ. ಇಬ್ಬರೂ ಒಂದೇ ಉತ್ತರ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಬರುವುದು ಮನಸ್ಸಿಗೆ ಬೇಡವಾಗಿದ್ದರೆ ಯಾವ ಅನುಮಾನವೂ ಹತ್ತಿರ ಸುಳಿಯುವುದಿಲ್ಲ.

ನಿಜ ಸಂಗತಿ ಇಷ್ಟೇ. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಬೆಂಚಿನ ಹಿಂದಿದ್ದ ಆರೋಗ್ಯ ಕೇಂದ್ರದಲ್ಲೇ. ಆ ಬಡಾವಣೆಯ ಮಂಡಿನೋವಿನ ಮುದುಕರೆಲ್ಲ ಕೇಂದ್ರದಿಂದ ಮಾತ್ರೆ ಒಯ್ಯುತ್ತಿದ್ದರು, ಡಾಕ್ಟರಿಗೆ ಹೇಳದೆ ಎಣ್ಣೆ ನೀವಿಸಿಕೊಳ್ಳಲೂ ಹೋಗುತ್ತಿದ್ದರು. ಕದ್ದುಮುಚ್ಚಿ ಯಾಕೆ, ಎರಡೂ ಒಂದೇ ಸೂರಿನಡಿ ಇರಲಿ ಎಂದರು ಕೇಂದ್ರದ ದೊಡ್ಡ ಡಾಕ್ಟರಮ್ಮ. “ನಂಬೋರು ಕಣ್ಮುಚ್ಚಿ ನಂಬ್ತಾರೆ, ಬೈಯೋರು ಕಣ್ಮುಚ್ಚಿ ಬೈತಾರೆ. ನಾವು ಅಳೆದು ನೋಡೋಣ” ಎನ್ನುವುದು ಅವರ ಮಾತು. ಹಾಗಾಗಿ ಒಂದು ಅಧ್ಯಯನ ಶುರುವಾಯಿತು. ಎಲ್ಲರಿಗೂ ವ್ಯಾಯಾಮ, ಚೀಟಿ ಎತ್ತಿ ಆರಿಸಿದ ಅರ್ಧ ಜನಕ್ಕೆ ಅದರ ಜೊತೆ ಮಹಡಿಯ ಕೋಣೆಯಲ್ಲಿ ಎಣ್ಣೆ, ಶಾಖ. ನೀವುವವನು ಅವನು. ಕೆಳಗಿನ ಕೊನೆಯ ಕೋಣೆಯಲ್ಲಿ ಸ್ಟಾಪ್‌ವಾಚ್ ಹಿಡಿದು, ಯಾರು ಕುರ್ಚಿಯಿಂದ ಎದ್ದು ಗೆರೆ ಮುಟ್ಟಿ ಎಷ್ಟು ಬೇಗ ವಾಪಸ್ ಕೂರುತ್ತಾರೆ ಎಂದು ಅಳೆಯುವವಳು ಅವಳು. ಯಾರು ಮಹಡಿ ಹತ್ತಿದವರು ಎಂದು ಅವಳಿಗೆ ತಿಳಿಯಲೇಬಾರದು. ತಿಳಿದರೆ ಅಳತೆ ಕೆಡುತ್ತದೆ. ಅದಕ್ಕೇ ಅವನಿಗೆ ಹಿಂದಿನ ಬಾಗಿಲು, ಅವಳಿಗೆ ಮುಂದಿನದು. ವಾಸನೆಯಿಂದ ಸುಳಿವು ಸಿಗದಿರಲೆಂದು ಅಳತೆಗೆ ಬರುವ ಎಲ್ಲರ ಮಂಡಿಗೂ ಒಂದೇ ಮುಲಾಮು. ಕೆಲಸದ ವಿಷಯ ಹೊರಗೆ ಯಾರೊಂದಿಗೂ ಆಡುವುದಿಲ್ಲ ಎಂದು ಇಬ್ಬರೂ ಸಹಿ ಹಾಕಿದ್ದರು.

ಡಾಕ್ಟರಮ್ಮ ಎಲ್ಲದಕ್ಕೂ ಬೇಲಿ ಹಾಕಿದ್ದರು. ಬಸ್ ಸ್ಟಾಪಿಗೆ ಹಾಕಿರಲಿಲ್ಲ.

ಕುರ್ಚಿಯಿಂದ ಏಳುವಾಗ ಕೆಲವು ಮುದುಕರು ಬಾಯಲ್ಲೇ ಏನೋ ಗೊಣಗುವುದನ್ನು ಅವಳು ಗಮನಿಸಿದ್ದಳು. “ಮೊದಲು ಮೂಗು, ಆಮೇಲೆ ಮಂಡಿ.” ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದರು, ಎಲ್ಲರೂ ಅಂಚೆ ತಾತ ಎನ್ನುತ್ತಿದ್ದರು. ಅವರಂತೂ ಮಂತ್ರದ ಹಾಗೆ ಹೇಳಿಯೇ ಏಳುತ್ತಿದ್ದರು. ವಯಸ್ಸಾದವರ ಹುಚ್ಚು ಎಂದುಕೊಂಡಿದ್ದಳು.

ಒಂದು ಸಂಜೆ ಬಸ್ಸು ಬಂತು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಅಜ್ಜಿಗೆ ಏಳಲಾಗಲಿಲ್ಲ. ಅವನು ಅವರೆದುರು ಬಗ್ಗಿ, ಮಗುವಿಗೆ ಹೇಳುವ ಹಾಗೆ ಹೇಳಿದ: “ಮುಂದಕ್ಕೆ ಬಾಗಿ ಅಜ್ಜಿ. ಮೊದಲು ಮೂಗು, ಆಮೇಲೆ ಮಂಡಿ.”

ಅಜ್ಜಿ ಎದ್ದರು. ಮುದುಕರ ಗೊಣಗಾಟ ಯಾರಿಂದ ಕಲಿತದ್ದೆಂದು ಅವಳಿಗೆ ಥಟ್ಟನೆ ಹೊಳೆಯಿತು. ಹೋಗಿಬರುತ್ತೇನೆ ಎಂದೂ ಹೇಳದೆ ಬಸ್ ಹತ್ತಿದಳು.

ಮರುದಿನ ಅಂಚೆ ತಾತ ಎದ್ದು, ಗೆರೆ ಮುಟ್ಟಿ ಬಂದು, ಬೆನ್ನು ಕುರ್ಚಿಗೆ ತಾಗುವ ಮೊದಲೇ ಅವಳ ಹೆಬ್ಬೆರಳು ವಾಚನ್ನು ನಿಲ್ಲಿಸಿಬಿಟ್ಟಿತು. ಕೂದಲೆಳೆಯಷ್ಟು ಬೇಗ. ಮುಂದಿನ ಅಮ್ಮ ಏನೂ ಗೊಣಗದೆ ಎದ್ದರು. ಅವರ ಸರದಿಯಲ್ಲಿ ಹೆಬ್ಬೆರಳು ತಕ್ಕಡಿ ಹಿಡಿದಷ್ಟು ನಿಯತ್ತಾಗಿತ್ತು. ಗೊಣಗುವ ಇನ್ನೊಬ್ಬರು ಬಂದಾಗ ಅವಳು ಹಲ್ಲು ಕಚ್ಚಿ ಎಚ್ಚರ ವಹಿಸಿದಳು. ಬೆರಳು ಕೇಳಲಿಲ್ಲ.

ಬಾಯಿ ಬಿಟ್ಟರೆ ಅಧ್ಯಯನಕ್ಕೇ ಕುತ್ತು ಬರಬಹುದು, ಮಹಡಿಯ ಕೋಣೆಗೆ ಬೀಗ ಬೀಳಬಹುದು. ಈ ಕೆಲಸ ಹೋದರೆ ದೂರದ ಸೋದರಮಾವನ ಊರೇ ಗತಿ ಎಂದು ಅವನು ಬೆಂಚಿನ ಮೇಲೆ ಹೇಳಿದ್ದ. ಸುಮ್ಮನಿದ್ದರೆ ಅವನು ಇಲ್ಲೇ ಇರುತ್ತಾನೆ, ಆದರೆ ಅವನ ಕೈಗುಣ ನಿಜವೋ, ತನ್ನ ಬೆರಳಿನ ಕರಾಮತ್ತೋ ಎಂದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಬಾಳು ಅವಳಿಗೆ ಒಗ್ಗುವಂಥದ್ದಲ್ಲ. ಅವನನ್ನು ಕಳೆದುಕೊಳ್ಳುವ ಭಯವಿದ್ದರೂ ಡಾಕ್ಟರಮ್ಮನ ಬಾಗಿಲು ತಟ್ಟಿದಳು.

“ಮಹಡಿ ಮೇಲೆ ಯಾರಿದಾರೆ ಅಂತ ಗೊತ್ತಾಗಿಹೋಯ್ತು ಮೇಡಂ. ಅವರ ಹತ್ರ ಹೋಗೋರು ಯಾರು ಅಂತಾನೂ.”

“ಗೊತ್ತಾದ್ರೆ ಏನಂತೆ? ನಿನ್ನ ಕೈ ನೆಟ್ಟಗಿದೆಯಲ್ಲ?”

“ಇಲ್ಲ ಮೇಡಂ. ಅವರು ನನಗೆ ಇಷ್ಟ ಆಗಿಬಿಟ್ಟಿದಾರೆ. ಹೆಬ್ಬೆರಳು ನನ್ನ ಮಾತು ಕೇಳ್ತಿಲ್ಲ.”

ಡಾಕ್ಟರಮ್ಮ ಕನ್ನಡಕ ತೆಗೆದು ಸೀರೆ ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

“ಅವನಿಗೆ ಗೊತ್ತಾ?”

“ಇಲ್ಲ.”

“ಅವನಿಗಿಂತ ಮೊದಲು ನನಗೆ ಹೇಳಿದೀಯ. ನನ್ನ ಸರ್ವಿಸ್‌ನಲ್ಲೇ ಇಂಥದ್ದು ನೋಡಿರಲಿಲ್ಲ ಕಣಮ್ಮ” ಎಂದರು. ಗದರುತ್ತಾರೆಂದು ಕಾದಳು, ಗದರಲಿಲ್ಲ. ಆ ದಿನದ ಅಳತೆಗಳನ್ನು ಹೊಡೆದುಹಾಕಿ, ಬೇರೆ ಕೇಂದ್ರದಿಂದ ಇನ್ನೊಬ್ಬರನ್ನು ಕರೆಸಿ ಮತ್ತೆ ಅಳೆಸುತ್ತೇನೆ ಎಂದರು. ಅವಳನ್ನು ಊರಿನ ಇನ್ನೊಂದು ತುದಿಗೆ ಮಕ್ಕಳ ಲಸಿಕೆ ಕೆಲಸಕ್ಕೆ ಹಾಕಿದರು. ಫಲಿತಾಂಶ ಬರುವವರೆಗೆ ಅವನ ಜೊತೆ ಮಾತೂ ಇಲ್ಲ, ಫೋನೂ ಇಲ್ಲ.

ಅವಳ ಹೊಸ ಬಸ್ಸು ಅದೇ ರಸ್ತೆಯಲ್ಲಿ ನಿಲ್ಲದೆ ಹೋಗುತ್ತಿತ್ತು. ಕಿಟಕಿಯಿಂದ ಬೆಂಚು ಕಾಣುತ್ತಿತ್ತು. ಅವನು ತನ್ನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದ ಜಾಗ ಖಾಲಿ ಬಿಟ್ಟು ಕೂತಿರುತ್ತಿದ್ದ. ದೊಡ್ಡ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಮನೆಗೆ ಬರುತ್ತಿತ್ತು. ಇನ್ನರ್ಧ ಯಾರಿಗೆ ಎತ್ತಿಡುತ್ತೀಯ ಎಂದು ಅತ್ತಿಗೆ ಕೇಳಿದಳು, ಆಮೇಲೆ ಏನೋ ಅರ್ಥವಾದವಳಂತೆ ಡಬ್ಬಿ ತೊಳೆದಿಟ್ಟಳು.

ಬೇಸಿಗೆ ಕಳೆದು ಫಲಿತಾಂಶ ಬಂತು. ಡಾಕ್ಟರಮ್ಮ ಎಲ್ಲರನ್ನೂ ಸಭಾಂಗಣಕ್ಕೆ ಕರೆದರು.

“ಎಣ್ಣೆ ಪವಾಡ ಏನೂ ಮಾಡಿಲ್ಲ. ಬರೀ ವ್ಯಾಯಾಮ ಮಾಡಿದವರಿಗೂ ಗುಣ ಆಗಿದೆ. ಆದ್ರೆ ಮಹಡಿ ಹತ್ತಿದವರು ಇನ್ನಷ್ಟು ಚುರುಕಾಗಿದಾರೆ, ನೋವಿನ ಮಾತ್ರೆ ಕಡಿಮೆ ಮಾಡಿದಾರೆ. ಕೋಣೆ ಇರುತ್ತೆ.”

ಅಂಚೆ ತಾತ ಎದ್ದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅವಳು ಕಣ್ಣೊರೆಸಿಕೊಂಡಳು. ಆ ಗೆಲುವಿನಲ್ಲಿ ತನ್ನ ಬೆರಳಿನ ಪಾಲು ಒಂದಿಷ್ಟೂ ಇರಲಿಲ್ಲ, ಪೂರ್ತಿ ಅವನದು. ಚಪ್ಪಾಳೆಗೆ ತಿರುಗಿದ ಅವನ ಕಣ್ಣು ಅವಳ ಬಿಳಿ ಕೋಟಿನ ಮೇಲೆ, ಅಳತೆಯ ದಿನಗಳಿಂದಲೂ ಕೊರಳಲ್ಲೇ ಉಳಿದಿದ್ದ ಸ್ಟಾಪ್‌ವಾಚಿನ ಮೇಲೆ ನಿಂತಿತು.

ಸಂಜೆ ಬೆಂಚಿನ ಮೇಲೆ ಅವನು ಬಿಗಿದುಕೊಂಡೇ ಕೂತಿದ್ದ.

“ಕೆಳಗಿನ ಕೋಣೆಯವರು ನೀವೇನಾ? ಅರ್ಧಕ್ಕೇ ಬಿಟ್ಟು ಹೋದ್ರಂತೆ. ನನ್ನ ಕೆಲಸದ ಮೇಲೆ ನಂಬಿಕೆ ಇರಲಿಲ್ವಾ?”

ಅವಳು ಕೊರಳಿನ ವಾಚ್ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

“ಇನ್ಮೇಲೆ ನಿಮ್ಮದು ಏನೇ ಇದ್ರೂ ನೀವೇ ಅಳೆದುಕೊಳ್ಳಿ. ನನ್ನ ಹೆಬ್ಬೆರಳನ್ನ ನಂಬಬೇಡಿ. ಅದು ಯಾವತ್ತೋ ನಿಮ್ಮ ಪಕ್ಷ ಸೇರಿಬಿಟ್ಟಿದೆ.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಿವಿ ಕೆಂಪಗಾದವು, ಎರಡೂ. ಮುದುಕರ ಮಂಡಿಗಳನ್ನು ಹಿಡಿದು ಹದವಾಗಿದ್ದ ಆ ದಪ್ಪ ಬೆರಳುಗಳು ಅವಳ ಹೆಬ್ಬೆರಳನ್ನು ಮೆಲ್ಲಗೆ ಹಿಡಿದುಕೊಂಡವು. ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ಹೋಯಿತು.

“ಹಸಿವಾಗ್ತಿದೆ” ಎಂದ.

ಅವಳು ದೊಡ್ಡ ಡಬ್ಬಿ ತೆರೆದಳು. ಅರ್ಧ ಹಾಗೇ ಇತ್ತು.