ತಿರುಗಿ ನೋಡದ ರಾಜ

ತನ್ನ ನಿಶ್ಚಿತಾರ್ಥದ ಊಟಕ್ಕೆ ಹಾಡುವವನೊಬ್ಬ ಬಂದಿದ್ದಾನೆ ಎಂದಾಗ ಇಡೋನಿ ತಲೆಯೆತ್ತಿದಳು. ಬಾಗಿಲಲ್ಲಿ ಹಾರ್ಪ್ ಎಂಬ ತಂತಿವಾದ್ಯ ಹೊತ್ತು ನಿಂತಿದ್ದವನು ಥರ್ಸ್ಟನ್!

ಇವನು ಯಾಕೆ ಬಂದ? ಅದೂ ಇವತ್ತೇ...

ಯಾರ್ಕ್‌ನ ಬಟ್ಟೆ ವ್ಯಾಪಾರಿಯ ಮಗಳಿಗೆ ಊರೂರು ಅಲೆಯುವ ಹಾಡುಗಾರನೇ ಬೇಕಿತ್ತೇ ಎಂದು ಕೇಳಬೇಡಿ. ಮನಸ್ಸು ಯಾರ ಮಾತು ಕೇಳುತ್ತದೆ? ಹೋದ ಸುಗ್ಗಿಯಲ್ಲಿ ಅವನು ಉತ್ತರದ ಪ್ರಭುವಿನ ಮನೆಗೆ ಕೆಲಸ ಹುಡುಕಿ ಹೊರಟಾಗ ಹೇಳಿದ್ದು ಇಷ್ಟೇ.

"ಹೆಂಡತಿಗೋಸ್ಕರ ಪಾತಾಳಕ್ಕಿಳಿದ ರಾಜನ ಕಥೆ ಗೊತ್ತಲ್ಲ? ನಮ್ದೂ ಹಾಗೇ ಆಗುತ್ತೆ, ನೋಡ್ತಿರು."

ಗೊತ್ತಿಲ್ಲದೆ ಏನು! ಸನ್ಯಾಸಿನಿಯರ ಮಠದಲ್ಲಿ ಅದನ್ನು ಲ್ಯಾಟಿನ್‌ನಲ್ಲಿ ಓದಿದ್ದಳು. ಹಾಡಿ ಪಾತಾಳದಿಂದ ಬಿಡಿಸಿಕೊಂಡ ಹೆಂಡತಿಯನ್ನು ದಾರಿಯಲ್ಲಿ ಅವನು ತಿರುಗಿ ನೋಡಬಾರದೆಂಬ ಷರತ್ತಿತ್ತು. ನೋಡಿದ. ಅವಳನ್ನು ಶಾಶ್ವತವಾಗಿ ಕಳೆದುಕೊಂಡ.

ಹಾಗಾದರೆ ಇದು ಪ್ರೀತಿಯ ಮಾತೋ, ವಿದಾಯವೋ? ಗೊಂದಲದಲ್ಲೇ ನಿಂತಿದ್ದಳು. ಬೀದಿಯ ತಿರುವಿನಲ್ಲಿ ಥರ್ಸ್ಟನ್ ತಿರುಗಿ ನೋಡಿ ನಕ್ಕ.

ವಿದಾಯವೇ ಎಂದುಕೊಂಡು ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಹೇಳಿಕಳಿಸಿದ ಯಾವ ಮಾತಿಗೂ, ಕೆಲಸ ಸಿಕ್ಕಿತೆಂಬ ಸುದ್ದಿಗೂ, ಉತ್ತರ ಕೊಡಲಿಲ್ಲ. ಅಪ್ಪ ಉಣ್ಣೆ ವ್ಯಾಪಾರಿಯೊಬ್ಬನನ್ನು ಗೊತ್ತುಮಾಡಿದಾಗ ಆಗಲಿ ಎಂದು ತಲೆಯಾಡಿಸಿದಳು.

ಇವತ್ತು ಊಟ ಮುಗಿದರೆ ಆ ವ್ಯಾಪಾರಿಯ ಉಂಗುರ. ಥರ್ಸ್ಟನ್ ಅದೇ ಕಥೆಯನ್ನು ಎತ್ತಿಕೊಂಡ, ತನ್ನೂರಿನ ಇಂಗ್ಲಿಷಿನಲ್ಲಿ. ರಾಜ ರಾಣಿಯ ಕೈ ಹಿಡಿದು ಹೊರಟ. ಈಗ ತಿರುಗುತ್ತಾನೆ, ಈಗ... ಇಡೋನಿ ಕಾಯುತ್ತಿದ್ದಳು.

ರಾಜ ತಿರುಗಲೇ ಇಲ್ಲ. ಇಬ್ಬರೂ ಊರು ಸೇರಿದರು, ಹಾಡು ಮುಗಿಯಿತು.

"ಅವನು ತಿರುಗಿ ನೋಡಿದ್ದು ಎಲ್ಲಿ ಹೋಯ್ತು?" ಎಲ್ಲರ ಮುಂದೆಯೇ ಕೇಳಿಬಿಟ್ಟಳು.

"ತಿರುಗಿ ನೋಡೋದಾ? ನಮ್ಮಜ್ಜನ ಕಾಲದಿಂದ್ಲೂ ಹೀಗೇ ಹಾಡೋದು. ಅವನು ಅವಳನ್ನ ಮನೆಗೆ ಕರ್ಕೊಂಡು ಬರ್ತಾನೆ."

ಅವನ ಕಥೆಯೇ ಬೇರೆ ಎಂದು ಇಡೋನಿಗೆ ಈಗ ತಿಳಿಯಿತು. ಇಡೀ ಚಳಿಗಾಲ ಅತ್ತದ್ದು ಇದಕ್ಕಾ...

"ಮತ್ತೆ ಅವತ್ತು ನೀನ್ಯಾಕೆ ತಿರುಗಿ ನೋಡಿದೆ?"

"ನಿನ್ನ ಮುಖ ಇನ್ನೊಂದ್ಸಲ ನೋಡೋಣ ಅಂತ. ನೀನು ಬಾಗಿಲು ಹಾಕ್ಕೊಂಡೆ."

ಉಂಗುರ ಮೇಜಿನ ಮೇಲೇ ಉಳಿಯಿತು. ಉಣ್ಣೆ ವ್ಯಾಪಾರಿ, ಪಾಪ, ಕೈಯಲ್ಲಿದ್ದ ಮಾಂಸದ ತುಂಡಿನ ಸಮೇತ ಎದ್ದು ಹೋದ. ಅಪ್ಪ ಕೆಂಡಾಮಂಡಲವಾದ. ಆದರೆ ಹುಡುಗಿ ಒಲ್ಲೆ ಎಂದರೆ ಪಾದ್ರಿ ಮದುವೆ ಮಾಡಿಸುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಪ್ರಭುವಿನ ಮನೆಯಲ್ಲಿ ಕೆಲಸ ಸಿಕ್ಕಿರುವುದು ನಿಜವೇ ಎಂದು ವಿಚಾರಿಸಿ, ಕೊನೆಗೆ ಗೊಣಗುತ್ತಲೇ ಹಾಡುಗಾರನನ್ನು ಮದುವೆಯ ಮಾತಿಗೆ ಒಳಕೋಣೆಗೆ ಕರೆದ.

ಥರ್ಸ್ಟನ್ ಎದ್ದ. ಇಡೋನಿ ಕರೆದಳು.

"ಥರ್ಸ್ಟನ್..."

"ಏನು?"

"ಒಳಗೆ ಹೋಗೋವಾಗ ಒಂದ್ಸಲ ತಿರುಗಿ ನೋಡು."

ಅವನು ನೋಡಿದ. ಅವಳು ಅಲ್ಲೇ ಇದ್ದಳು.